ಅಪ್ಪನ ‘ಬ್ಯಾಡಗಿ’ ಜೋಕಿಗೆ ಮೈಸೂರಿನ ಹುಡುಗ ನಗಲಿಲ್ಲ, ಹೇಗೆ ತಿದ್ದಲಿ?

ಮೆಣಸಿನಕಾಯಿ ಓಣಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವಳು, ಈಗ ಧಾರವಾಡದಲ್ಲಿದ್ದೇನೆ. ಬ್ಯಾಡಗಿ ಹತ್ತಿರದ ಒಂದು ಊರಿನಲ್ಲಿ ನಮ್ಮ ಅಪ್ಪನ ಕಿರಾಣಿ ಅಂಗಡಿ ಇತ್ತು. 1997ರಲ್ಲಿ ಹಾವೇರಿ ಬೇರೆ ಜಿಲ್ಲೆ ಆಗುವುದಕ್ಕೂ ಎಷ್ಟೋ ವರ್ಷ ಮೊದಲಿನಿಂದ ನಡೆಸಿಕೊಂಡು ಬಂದಿದ್ದರು. ಹೋದ ವರ್ಷ ತೀರಿಕೊಂಡರು. ಅಂಗಡಿ ಖಾಲಿ ಮಾಡುವಾಗ ತಕ್ಕಡಿ, ಡಬ್ಬಿ, ಕಪಾಟು ಎಲ್ಲ ಕೊಟ್ಟುಬಿಟ್ಟೆವು. ನಾನು ತಂದಿದ್ದು ಎರಡೇ. ಅವರ ಉದ್ರಿ ಪುಸ್ತಕ (ಸಾಲದ ಲೆಕ್ಕದ್ದು), ಮತ್ತೊಂದು ಇನ್ನೂರು ಪುಟದ ನೋಟ್‌ಬುಕ್. ಅಪ್ಪ ಗಿರಾಕಿಗಳ ಜೊತೆ ಆಡುತ್ತಿದ್ದ ಚಾಷ್ಟಿ (ತಮಾಷೆ) ಮಾತುಗಳನ್ನು ಕಾಲೇಜಿನಲ್ಲಿದ್ದಾಗ ನಾನು ಅದರಲ್ಲಿ ಬರೆದಿಟ್ಟಿದ್ದೆ. ಮೊನ್ನೆ ಎಣಿಸಿದೆ, 43 ಇವೆ.

ನನ್ನ ತಂಗಿ ಮೈಸೂರಿನಲ್ಲಿದ್ದಾಳೆ. ಅವಳ ಮಗನಿಗೆ ಒಂಬತ್ತು ವರ್ಷ. ಅವನ ನೆನಪಿನಲ್ಲಿರುವ ಅಜ್ಜ ಮಂಚದ ಮೇಲೆ ಮಲಗಿದ್ದ ಅಜ್ಜ. ಅಂಗಡಿ ಕಟ್ಟೆಯ ಮೇಲೆ ಕೂತು ಇಡೀ ಓಣಿಯನ್ನು ನಗಿಸುತ್ತಿದ್ದ ಅಜ್ಜ ಅವನಿಗೆ ಗೊತ್ತೇ ಇಲ್ಲ. ಆ ಅಜ್ಜನನ್ನು ಅವನಿಗೆ ತೋರಿಸಬೇಕು ಅಂತ ನನ್ನ ಆಸೆ. ಅದಕ್ಕೆ ಬೇಸಿಗೆ ರಜೆಯಲ್ಲಿ ಬಂದಾಗ ನೋಟ್‌ಬುಕ್ ತೆಗೆದು ಕೂತೆ. ಮೊದಲು ಹೇಳಿದ್ದು ಅಪ್ಪನ ಅತಿ ಪ್ರೀತಿಯ ಮಾತು.

ಗಿರಾಕಿ ಬೇಳೆ, ಬೆಲ್ಲ ಕಟ್ಟಿಸಿಕೊಂಡು ಹೊರಟಿರುತ್ತಾರೆ. ಅಪ್ಪ ಕೇಳುತ್ತಾರೆ:

“ಮೆಣಸಿನಕಾಯಿ?”

“ಬ್ಯಾಡ.”

ಅಪ್ಪ ಸೀದಾ ಚೀಲಕ್ಕೆ ಕೈ ಹಾಕಿ ತಕ್ಕಡಿಗೆ ಸುರಿಯುತ್ತಾರೆ.

“ಅಯ್ಯ, ಬ್ಯಾಡ ಅಂದೆನಲ್ಲರೀ!”

“ಹೌದ್ರಿ. ನೀವು ‘ಬ್ಯಾಡ’ ಅಂದ್ರಿ, ‘ಗಿ’ ಅಷ್ಟ ನಾ ಹಾಕೀನಿ.”

ಇಷ್ಟೇ. ಕೇಳಿದವರು ನಕ್ಕು ಕಾಲು ಕಿಲೋ ಆದರೂ ಒಯ್ಯುತ್ತಿದ್ದರು. ನೂರು ಸಲ ಕೇಳಿದವರೂ ನಗುತ್ತಿದ್ದರು. ಕೆಲವರು ಬೇಕಂತಲೇ ‘ಬ್ಯಾಡ’ ಅನ್ನುತ್ತಿದ್ದರು, ಅಪ್ಪ ‘ಗಿ’ ಅನ್ನಲಿ ಅಂತ.

ಹುಡುಗ ನಗಲಿಲ್ಲ. “ದೊಡ್ಡಮ್ಮ, ಅವರು ಬೇಡ ಅಂದ್ರಲ್ವಾ, ಆದ್ರೂ ಯಾಕೆ ಕೊಟ್ರು?” ಅಂತ ಕೇಳಿದ. ಅವನಿಗೆ ಗಿರಾಕಿಯ ಮೇಲೆ ಕನಿಕರ ಬಂದಿತ್ತು. ನಮ್ಮ ಕಡೆ ‘ಬೇಡ’ಕ್ಕೆ ‘ಬ್ಯಾಡ’ ಅಂತಾರೆ, ಬ್ಯಾಡಗಿ ಅಂದರೆ ಒಂದು ಊರು, ಆ ಊರಿನ ಮೆಣಸಿನಕಾಯಿ ಬಣ್ಣ ಜಾಸ್ತಿ, ಖಾರ ಕಡಿಮೆ, ಅದಕ್ಕೆ ಬಹಳ ಹೆಸರು ಅಂತ ಐದು ನಿಮಿಷ ಬಿಡಿಸಿ ಹೇಳಿದೆ. ಪಾಪ, ತಲೆ ಆಡಿಸಿದ. ನನಗೆ ಬೇಜಾರಾಗದಿರಲಿ ಅಂತ ಆಡಿಸಿದ್ದು ಅದು. ಆ ತಲೆ ಆಡಿಸಿದ್ದು ನೋಡಿ ನನಗೆ ಬಹಳ ಸಂಕಟ ಆಯಿತು.

ಒಂದೇ ಒಂದು ಮಾತು ಅವನಿಗೆ ತಟ್ಟನೆ ಹತ್ತಿತು. ಮಾರ್ಕೆಟ್ಟಿಗೆ ಬಂದ ರೈತರಿಗೆ ಅಪ್ಪ ಹೇಳುತ್ತಿದ್ದದ್ದು, “ಬೆಳೆ ಬಂದರ ಬೆಲೆ ಇಲ್ಲ, ಬೆಲೆ ಬಂದರ ಬೆಳೆ ಇಲ್ಲ.” ಇದು ಅಪ್ಪನ ಸ್ವಂತದ್ದಲ್ಲ, ರೈತರೆಲ್ಲ ಆಡುವ ಮಾತು. ಆದರೆ ಅದು ಹತ್ತಿತು, ಬ್ಯಾಡಗಿ ಹತ್ತಲಿಲ್ಲ. ಯಾಕೆ? ಮಾತಿನ ಮೇಲೆ ನಿಂತ ಜೋಕನ್ನು ಬೇರೆ ಕಡೆಯವರಿಗೆ ಒಪ್ಪುವ ಹಾಗೆ ತಿದ್ದಬಹುದಾ? ತಿದ್ದಿದರೆ ಅದು ಅಪ್ಪನ ಮಾತಾಗಿ ಉಳಿಯುತ್ತಾ? ತಿಳಿದವರು ದಯವಿಟ್ಟು ಹೇಳಿ.

ಪೆಂಡಾಲ್ ಮೈಕ್, ಹುಬ್ಬಳ್ಳಿ:

ಅಕ್ಕಾರ, ನಿಮ್ಮ ಅಪ್ಪಾಜಿಯವರ ಮಾತು ಓದಿ ಮನಸಾರೆ ನಕ್ಕೆ. ‘ಗಿ ಅಷ್ಟ ನಾ ಹಾಕೀನಿ’, ಎಂಥ ಮಾತು!

ನಾನು ಹದಿನೆಂಟು ವರ್ಷದಿಂದ ಗಣಪತಿ ಪೆಂಡಾಲ್‌ಗಳಲ್ಲಿ ನಿರೂಪಣೆ ಮಾಡುತ್ತೇನೆ. ಹುಬ್ಬಳ್ಳಿಯಲ್ಲಿ ನಡೆದ ಜೋಕು ದಾವಣಗೆರೆಯಲ್ಲಿ ನಡೆಯದೆ ಮೈಕ್ ಹಿಡಿದು ಸುಮ್ನೆ ನಿಂತದ್ದು ಎಷ್ಟು ಸಲವೋ. ಅದರಿಂದ ಕಲಿತದ್ದನ್ನು ಹೇಳುತ್ತೇನೆ.

ನಿಮ್ಮ ಜೋಕಿನಲ್ಲಿ ಎರಡು ಸಾಮಾನು ಇವೆ. ಒಂದು ಸಂದರ್ಭ. ಗಿರಾಕಿ ಒಲ್ಲೆ ಅಂತಾನೆ, ಅಂಗಡಿಕಾರ ಆ ಒಲ್ಲೆಯನ್ನೇ ಆರ್ಡರ್ ಮಾಡಿಕೊಳ್ಳುತ್ತಾನೆ. ಇನ್ನೊಂದು ಕೀಲು. ಬಾಗಿಲು ತಿರುಗುವುದು ಕೀಲಿನ ಮೇಲಲ್ವಾ, ಹಾಗೆ ಜೋಕು ತಿರುಗುವ ಪದ. ಇಲ್ಲಿ ಕೀಲು ‘ಬ್ಯಾಡ’. ಮೈಸೂರಿನ ಹುಡುಗನಿಗೆ ಸಂದರ್ಭ ಪೂರ್ತಿ ಗೊತ್ತಾಗಿದೆ. ಗೊತ್ತಾದ್ದರಿಂದಲೇ ಯಾಕೆ ಕೊಟ್ರು ಅಂತ ಕೇಳಿದ್ದಾನೆ. ಕೀಲು ಮಾತ್ರ ಅವನ ಬಾಗಿಲಿಗೆ ಕೂಡಲಿಲ್ಲ. ಹಾಗಾದರೆ ಬಾಗಿಲು ಒಡೆಯಬೇಡಿ, ಕೀಲು ಬದಲಿಸಿ.

ಒಲ್ಲೆ ಅನ್ನುವುದಕ್ಕೆ ಕನ್ನಡದಲ್ಲಿ ಎಲ್ಲರೂ ಆಡುವ ಇನ್ನೊಂದು ಮಾತಿದೆ: ‘ಸಾಕು’. ಬೀದರದಿಂದ ಚಾಮರಾಜನಗರದವರೆಗೂ ಸಾಕು ಅಂದರೆ ಸಾಕು. ಸಾಕು ಅಂದರೆ ಬೆಳೆಸು, ಪೋಷಿಸು ಅಂತಲೂ ಹೌದು, ನಾಯಿ ಸಾಕು, ಹಸು ಸಾಕು ಅಂತೀವಲ್ಲ. ಈಗ ನೋಡಿ:

ಅಪ್ಪ ತಕ್ಕಡಿಗೆ ಮೆಣಸಿನಕಾಯಿ ಸುರಿಯುತ್ತಿದ್ದಾರೆ. ಗಿರಾಕಿ “ಸಾಕು, ಸಾಕು” ಅಂತಾನೆ. ಅಪ್ಪ ಇನ್ನೊಂದು ಹಿಡಿ ಕೊಸರು ಹಾಕಿ ಹೇಳುತ್ತಾರೆ, “ನೀವೇ ಸಾಕು ಅಂತೀರಿ. ಸಾಕಬೇಕಂದ್ರೆ ಹೊಟ್ಟೆ ತುಂಬ ಹಾಕಬೇಕಲ್ವಾ?”

ಒಲ್ಲೆ ಅಂದದ್ದೇ ಆರ್ಡರ್ ಆಯಿತು. ಅಂಗಡಿ ಉಳಿಯಿತು, ಮೆಣಸಿನಕಾಯಿ ಉಳಿಯಿತು, ಅಪ್ಪಾಜಿಯವರ ಸ್ವಭಾವವೂ ಉಳಿಯಿತು.

ಕೀಲು ಊರಿಗೆ ತಕ್ಕಂತೆ ಹೇಗೆ ಬದಲಾಗುತ್ತೆ ಅನ್ನುವುದಕ್ಕೆ ನನ್ನದೇ ಒಂದು ಉದಾಹರಣೆ. ನಮ್ಮ ಹುಬ್ಬಳ್ಳಿ–ಧಾರವಾಡದ ನಡುವೆ 2018ರಲ್ಲಿ ಓಡಲು ಶುರುವಾದ ಬಸ್ಸಿಗೆ ‘ಚಿಗರಿ’ ಅಂತ ಹೆಸರು. ಚಿಗರಿ ಅಂದರೆ ಜಿಂಕೆ. ಪೆಂಡಾಲ್‌ನಲ್ಲಿ ನಾನು ಹೀಗೆ ಹೇಳುತ್ತಿದ್ದೆ: “1972ರ ಕಾಯ್ದೆ ಪ್ರಕಾರ ಕಾಡಪ್ರಾಣಿ ಹಿಡದರ ಜೈಲು. ನಾ ಎರಡು ವರ್ಷದಿಂದ ದಿನಾ ಮುಂಜಾನೆ ಎಂಟಕ್ಕ ಒಂದು, ಸಂಜಿ ಆರಕ್ಕ ಒಂದು ಚಿಗರಿ ಹಿಡೀತೀನಿ.” ಜನ ಬಿದ್ದು ಬಿದ್ದು ನಗುತ್ತಿದ್ದರು. ಮೈಸೂರಿಗೆ ಒಂದು ಮದುವೆಗೆ ಹೋದಾಗ ಹೇಳಿದೆ, ಒಬ್ಬರೂ ನಗಲಿಲ್ಲ. ಅಲ್ಲಿ ಚಿಗರಿ ಬಸ್ಸೇ ಇಲ್ಲ. ರಾತ್ರಿಯೆಲ್ಲ ಯೋಚನೆ ಮಾಡಿದೆ. ಮರುದಿನ ಬೀಗರ ಊಟದಲ್ಲಿ ಹೀಗೆ ಹೇಳಿದೆ: “ಕಾಡಾನೆ ಹಿಡಿಯೋಕೆ ನಿಮ್ಮ ದಸರಾ ಆನೆಗಳೇ ಬರಬೇಕು. ನಾನು ಮೊನ್ನೆ ರಾತ್ರಿ ಬೆಂಗಳೂರಲ್ಲಿ ಒಬ್ಬನೇ ಐರಾವತ ಹಿಡಿದು ಬಂದೆ.” ಐರಾವತ ಅಂದರೆ ಸರ್ಕಾರಿ ವೋಲ್ವೋ ಬಸ್ಸು, ಅಲ್ಲಿ ಎಲ್ಲರಿಗೂ ಗೊತ್ತು. ಆ ನಗು ಇವತ್ತಿಗೂ ಕಿವಿಯಲ್ಲಿದೆ. ಪ್ರಾಣಿ ಬದಲಾಯಿತು, ಬಸ್ಸು ಬದಲಾಯಿತು, ‘ಹಿಡಿ’ ಮಾತ್ರ ಇದ್ದಲ್ಲೇ ಇತ್ತು.

ಇನ್ನೊಂದು ಮಾತು. ಕೀಲಿನ ಪದ ಕೊನೆಗೆ ಬರಬೇಕು. ಅದಾದ ಮೇಲೆ ಒಂದು ಪದವನ್ನೂ ಆಡಬೇಡಿ. ಕನ್ನಡದಲ್ಲಿ ಕ್ರಿಯಾಪದ ತಾನಾಗಿಯೇ ಕೊನೆಗೆ ಬರುತ್ತೆ. ಹಾಗಾಗಿ ಹಿಡಿ, ಹತ್ತು, ಹಾಕು ಇಂಥ ಪದದ ಮೇಲೆ ಕಟ್ಟಿದ ಜೋಕು ನಮಗೆ ಸಲೀಸು.

ಬೆಟಗೇರಿ ಮಾಸ್ತರ:

ತಂಗೀ, ನಿನ್ನ ಪ್ರಶ್ನೆಯನ್ನು ಎರಡು ಸಲ ಓದಿದೆ. ನಾನು ಹೈಸ್ಕೂಲಿನಲ್ಲಿ ಮೂವತ್ನಾಲ್ಕು ವರ್ಷ ಕನ್ನಡ ಕಲಿಸಿದವನು. ಶ್ಲೇಷೆ, ಅಂದರೆ ಒಂದೇ ಮಾತಿಗೆ ಎರಡು ಅರ್ಥ ಬರುವುದು, ಅದರ ಪಾಠ ಬಂದಾಗ ಇಂಥ ಅಂಗಡಿ ಮಾತುಗಳಿಂದಲೇ ಶುರು ಮಾಡುತ್ತಿದ್ದೆ.

ಮೈಕಿನ ತಮ್ಮ ಹೇಳಿದ್ದು ಸರಿ. ಆದರೆ ಕೀಲು ಹೇಗೆ ತಯಾರಾಗುತ್ತೆ ಅನ್ನುವುದು ಗೊತ್ತಿದ್ದರೆ ಹೊಸ ಕೀಲು ಹುಡುಕುವುದು ಸುಲಭ. ಹಳಬರು ಶ್ಲೇಷೆಯನ್ನು ಎರಡು ಮಾಡಿದ್ದಾರೆ. ಪದವನ್ನು ಒಡೆಯದೆ ಎರಡು ಅರ್ಥ ಬಂದರೆ ಅಭಂಗ. ‘ಸಾಕು’ ಅಂಥದ್ದು. ಒಡೆದಾಗ ಬೇರೆ ಅರ್ಥ ಬಂದರೆ ಸಭಂಗ. ನಿಮ್ಮ ಅಪ್ಪನ ‘ಬ್ಯಾಡ–ಗಿ’ ಸಭಂಗ. ಅದರಲ್ಲಿ ‘ಗಿ’ಗೆ ಸ್ವಂತ ಅರ್ಥವೇ ಇಲ್ಲ. ಅರ್ಥ ಇಲ್ಲದ ಒಂದು ಅಕ್ಷರವನ್ನು ಮೆಣಸಿನಕಾಯಿ ತೂಗಿದ ಹಾಗೆ ತೂಗಿ ಹಾಕಿದ್ದಾರಲ್ಲ, ಆ ಜೋಕಿನ ಚೆಲುವು ಅಲ್ಲಿದೆ.

ಒಡೆಯುವ ಕೆಲಸ ಕನ್ನಡದಲ್ಲಿ ಸಂಧಿಯಿಂದ ಬಹಳ ಸುಲಭ ಆಗುತ್ತೆ. ಲೋಪಸಂಧಿ ನೆನಪಿದೆಯಾ? ಊರು ಮತ್ತು ಅಲ್ಲಿ ಸೇರಿ ಊರಲ್ಲಿ. ಮೊದಲ ಪದದ ಕೊನೆಯ ಸ್ವರ ಬಿದ್ದುಹೋಗುತ್ತೆ. ಹಾಗೆ ಬಿದ್ದುಹೋದ ಕಡೆಯೇ ಚಾಷ್ಟಿಗೆ ಜಾಗ. ಹೋಟೆಲಿನಲ್ಲಿ ಐದು ಚಹಾ ತಂದಿಟ್ಟಿದ್ದಾರೆ.

“ಏನಪ್ಪಾ, ಚಹಾ ಆರಿದೆ!”

“ಇಲ್ಲ ಸಾರ್, ಐದೇ ಇದೆ. ಎಣಿಸಿ ನೋಡಿ.”

ಆರಿ ಮತ್ತು ಇದೆ ಸೇರಿದರೂ ‘ಆರಿದೆ’, ಆರು ಮತ್ತು ಇದೆ ಸೇರಿದರೂ ‘ಆರಿದೆ’. ಈ ಜೋಕು ಮೈಸೂರು ಕಡೆ ಮಾತಿನಲ್ಲಿ ಅಚ್ಚುಕಟ್ಟಾಗಿ ಕೂಡುತ್ತೆ. ನಮ್ಮ ಮಾತಿನಲ್ಲಿ ಹೇಳಿ ನೋಡು: “ಚಹಾ ಆರೇತಿ”, “ಆರ ಅದಾವು”. ಎರಡೂ ಬೇರೆ ಬೇರೆ ಕೇಳುತ್ತವೆ. ಹಾಗಾಗಿ ನಮ್ಮ ಜೋಕು ಮಾತ್ರ ಅಲ್ಲಿ ಸೋಲುತ್ತೆ ಅಂತ ತಿಳಿಯಬೇಡ. ಅಲ್ಲಿಯದೂ ಇಲ್ಲಿ ಸೋಲುತ್ತೆ.

ಇನ್ನು ‘ಸಾಕು’ ತರಹದ ಪದಗಳು. ಕನ್ನಡದಲ್ಲಿ ಧಾತುವನ್ನು ಹಾಗೇ ಆಡಿದರೆ ಅದು ಏಕವಚನದ ಅಪ್ಪಣೆ. ಅದೇ ಎಷ್ಟೋ ಕಡೆ ಬೇರೆ ಪದವೂ ಆಗಿರುತ್ತೆ. ಲೆಕ್ಕದ ಪದಗಳನ್ನೇ ನೋಡು, ಆರು, ಏಳು, ಹತ್ತು. ಮೂರೂ ಕ್ರಿಯಾಪದ. ಕಾಡು, ಹೊಳೆ, ಬೆಳೆ, ಎಳೆ, ಅರಸು, ಮರೆ, ಎಲ್ಲವೂ ಅಷ್ಟೇ. “ಏಳು ಗಂಟೆ ಆಯ್ತು, ಏಳು” ಅಂತ ಪ್ರತಿ ಮನೆಯಲ್ಲೂ ಕೇಳುತ್ತೀವಿ. ಆದರೆ ಇಲ್ಲಿ ಒಂದು ತೊಡಕಿದೆ. ಮರ್ಯಾದೆ ಕೊಟ್ಟ ಕೂಡಲೇ ಈ ಜೋಕು ಬಿದ್ದುಹೋಗುತ್ತೆ. “ಏಳು ಗಂಟೆ ಆಯ್ತು, ಏಳಿ” ಅಂದರೆ ಏನೂ ಉಳಿಯಲಿಲ್ಲ. ಹಿರಿಯರ ಮುಂದೆ ಹೇಳುವ ಜೋಕಾದರೆ ಅವರಿಗೇ ‘ಏಳು’ ಅನ್ನಲು ಆಗಲ್ಲ. ಅವ್ವ ಮಗನಿಗೆ ಹೇಳಿದ ಹಾಗೆ ಕಟ್ಟಬೇಕು. ಯಾರು ಯಾರಿಗೆ ಹೇಳುತ್ತಾರೆ ಅನ್ನುವುದನ್ನು ಬದಲಿಸುವುದೂ ತಿದ್ದುವ ಒಂದು ದಾರಿ.

ಕೆಲವು ಸಲ ಮರ್ಯಾದೆಯ ರೂಪವೇ ಹೊಸ ಕೀಲು ಕೊಡುತ್ತೆ. ‘ಹತ್ತು’ ಹೋಗಿ ‘ಹತ್ತಿ’ ಆಗುತ್ತೆ. ನಮ್ಮ ಗದಗ ಹತ್ತಿಯ ಊರು. “ಹತ್ತಿ ಮಾರಿ, ಹತ್ತರ ಬಸ್ ಹತ್ತಿ ಬಂದೆ” ಅಂತ ನಮ್ಮ ಕಾಕಾ ಅನ್ನುತ್ತಿದ್ದರು. ಅದನ್ನು ಯಾರ ಮುಂದೆ ಬೇಕಾದರೂ ಹೇಳಬಹುದು.

ಬೆಳೆ–ಬೆಲೆ ಮಾತು ಹುಡುಗನಿಗೆ ಹತ್ತಿದ್ದು ಯಾಕೆ ಅಂದರೆ ಆ ಎರಡು ಪದ ಎಲ್ಲ ಕನ್ನಡದಲ್ಲೂ ಒಂದೇ. ಅದರಲ್ಲಿ ಕೆಲಸ ಮಾಡುವುದು ಒಂದೇ ಒಂದು ಅಕ್ಷರದ ವ್ಯತ್ಯಾಸ, ಳ ಮತ್ತು ಲ. ಅದನ್ನು ಮುಟ್ಟಲೇಬೇಡ. ಆದರೆ ಹುಡುಗನ ನಾಲಿಗೆ ನೋಡಿಕೋ. ಈಗಿನ ಎಷ್ಟೋ ಮಕ್ಕಳು ಳ ಮತ್ತು ಲ ಎರಡನ್ನೂ ಒಂದೇ ತರಹ ಆಡುತ್ತಾರೆ. ಕಿವಿ ಮತ್ತು ನಾಲಿಗೆ ಆ ಎರಡನ್ನು ಬೇರೆ ಮಾಡದಿದ್ದರೆ ಇಡೀ ಮಾತು ಸತ್ತುಹೋಗುತ್ತೆ. ನನಗೆ ಇದು ಬಹಳ ನೋವಿನ ವಿಷಯ. ವ್ಯಾಕರಣ ಹೇಳಿ ಆ ವ್ಯತ್ಯಾಸ ಕಲಿಸುವುದು ಕಷ್ಟ. ಇಂಥ ಮಾತು ಆಡಿಸಿದರೆ ಒಂದೇ ದಿನದಲ್ಲಿ ಬರುತ್ತೆ. ನಾನು ಮಾಡಿ ನೋಡಿದ್ದೇನೆ.

ಹುಡುಗನಿಗೆ ನನ್ನ ಕಡೆಯಿಂದ ಒಂದು ಒಗಟು ಕೇಳು. “ಹೋಗುವಾಗಲೂ ಅದೇ ಊರು, ತಿರುಗಿ ಬರುವಾಗಲೂ ಅದೇ ಊರು. ಯಾವ ಊರು?” ಉತ್ತರ ಗದಗ. ಹಿಂದಿನಿಂದ ಓದಿದರೂ ಗದಗ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಹಾಗೇ ಬರುತ್ತೆ. ಆಮೇಲೆ ‘ಕಿಟಕಿ’ ಕೊಡು. ಕನ್ನಡದಲ್ಲಿ ತಿರುವಿ ಓದಿದರೆ ಕಿಟಕಿಯೇ. ಇಂಗ್ಲಿಷ್ ಅಕ್ಷರದಲ್ಲಿ ಬರೆದು ತಿರುವಿದರೆ ಬರಲ್ಲ. ಕನ್ನಡದಲ್ಲಿ ‘ಕಿ’ ಒಂದೇ ಅಕ್ಷರ, ಅಲ್ಲಿ ಎರಡು. ಯಾಕೆ ಹೀಗೆ ಅಂತ ಅವನೇ ಕಂಡುಹಿಡಿಯಲಿ.

ಮೈಸೂರು ಸೊಸೆ:

ನಮಸ್ಕಾರ ಅಕ್ಕ. ನಾನು ನಿಮ್ಮ ತಂಗಿಯ ಉಲ್ಟಾ. ಹುಟ್ಟಿದ್ದು ಮೈಸೂರು, ಮದುವೆಯಾಗಿ ಬಂದಿದ್ದು ಧಾರವಾಡಕ್ಕೆ. ಹನ್ನೊಂದು ವರ್ಷ ಆಯ್ತು.

ಬಂದ ಮರುದಿನ ಬೆಳಿಗ್ಗೆ ಮಾವನವರಿಗೆ ಪ್ರೀತಿಯಿಂದ “ಮಾವ, ತಿಂಡಿ ಆಯ್ತಾ?” ಅಂತ ಕೇಳಿದೆ. ಪಡಸಾಲೆಯಲ್ಲಿ ಒಬ್ಬರೂ ಮಾತಾಡಲಿಲ್ಲ. ನಮ್ಮ ಕಡೆ ತಿಂಡಿ ಅಂದರೆ ಬೆಳಗಿನ ಉಪಾಹಾರ. ಇಲ್ಲಿ ತಿಂಡಿ ಅಂದರೆ ತುರಿಕೆ! ಅತ್ತೆಯವರೇ ಮೊದಲು ನಕ್ಕಿದ್ದು. ಆಮೇಲೆ ನಾನು ತವರಿಗೆ ಹೊರಟಾಗ ಅವರು ಬಸ್ ಸ್ಟ್ಯಾಂಡಿನಲ್ಲಿ ಹೇಳಿದರು, “ಮುಟ್ಟಿದ ಕೂಡಲೇ ಫೋನ್ ಹಚ್ಚವಾ.” ಇಲ್ಲಿ ಮುಟ್ಟುವುದು ಅಂದರೆ ತಲುಪುವುದು, ಹಚ್ಚುವುದು ಅಂದರೆ ಕಾಲ್ ಮಾಡುವುದು. ನನ್ನ ತಮ್ಮ ಪಕ್ಕದಲ್ಲೇ ನಿಂತಿದ್ದ. “ಅಕ್ಕಾ, ಫೋನ್ ಮುಟ್ಟಿದ ತಕ್ಷಣ ಬೆಂಕಿ ಹಚ್ಚಬೇಕಂತಾ?” ಅಂದ. ಅತ್ತೆ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಇವತ್ತಿಗೂ ಅವನು ಬಂದರೆ “ಬೆಂಕಿ ಹಚ್ಚಾಂವ ಬಂದ” ಅಂತ ಚಹಾ ಇಡುತ್ತಾರೆ.

ನನಗೆ ಅನ್ನಿಸೋದು, ಎಲ್ಲ ಕೀಲನ್ನೂ ಬದಲಿಸಬೇಕಿಲ್ಲ. ಇಬ್ಬರ ಕನ್ನಡ ಬೇರೆ ಅನ್ನುವುದನ್ನೇ ಜೋಕಿನ ಒಳಗೆ ತರಬಹುದು. ನಿಮ್ಮ ಅಪ್ಪನವರ ಅಂಗಡಿಗೆ ಮೈಸೂರಿನ ಒಬ್ಬ ಹುಡುಗ ಬರಲಿ. ಅವನು “ಬೇಡ” ಅನ್ನಲಿ. ಅಪ್ಪ “ನಮ್ಮ ಊರಾಗ ಹಂಗನ್ನಂಗಿಲ್ಲ, ಬ್ಯಾಡ ಅನ್ನು” ಅಂತ ಕಲಿಸಲಿ. ಹುಡುಗ ಕಲಿತು “ಬ್ಯಾಡ” ಅನ್ನಲಿ. ಆಗ ಅಪ್ಪ ‘ಗಿ’ ಹಾಕಲಿ. ಕೇಳುವ ಹುಡುಗನೇ ಜೋಕಿನ ಒಳಗೆ ಬಂದುಬಿಟ್ಟ. ಸಿಕ್ಕಿಬಿದ್ದದ್ದೂ ಅವನೇ, ನಗುವುದೂ ಅವನೇ.

ಮೆಣಸಿನಕಾಯಿ ಓಣಿ:

ಮೈಕ್ ಅಣ್ಣಾ, ಮಾಸ್ತರ, ಸೊಸೆಯವರೇ, ಎಲ್ಲರಿಗೂ ಬಹಳ ಧನ್ಯವಾದ. ‘ಸಾಕು’ ಮಾತನ್ನು ತಂಗಿಗೆ ಫೋನಿನಲ್ಲಿ ಹೇಳಿದೆ. “ಇದು ಅಪ್ಪನೇ ಅಂದಂಗ ಐತಿ” ಅಂತ ಅತ್ತಳು. ಅಪ್ಪನಿಗೆ ಕೊಸರು ಹಾಕದೆ ಕೈ ನಿಲ್ಲುತ್ತಿರಲಿಲ್ಲ. ಮೈಕ್ ಅಣ್ಣನಿಗೆ ಅದು ಹೇಗೆ ಗೊತ್ತಾಯಿತೋ!

ಆದರೆ ಒಂದು ಮಾತಿನ ಮೇಲೆ ನಾನು ಸಿಕ್ಕಿಕೊಂಡಿದ್ದೇನೆ. ಅಂಗಡಿಯ ಗೋಡೆಗೆ ಒಂದು ಪಾಟಿ ಇತ್ತು. ಅದರ ಮೇಲೆ ಸೀಮೆಸುಣ್ಣದಿಂದ ಅಪ್ಪ ಬರೆದಿದ್ದರು:

“ಉದ್ರಿ ಕೊಟ್ರ ಉದ್ರಿ ಹೋಗತೈತಿ.”

ಉದ್ರಿ ಅಂದರೆ ಕಡ. ಉದುರಿ ಹೋಗುವುದಕ್ಕೂ ನಾವು ಉದ್ರಿ ಹೋಗುವುದು ಅಂತೀವಿ. ಉದ್ರಿ ಕೊಟ್ಟರೆ ಅಂಗಡಿ ಉದುರಿ ಹೋಗುತ್ತೆ ಅಂತ. ಮೈಸೂರು ಕಡೆ ಉದ್ರಿ ಅಂದರೆ ಯಾರಿಗೂ ಗೊತ್ತಾಗಲ್ಲ ಅಂತ ತಂಗಿ ಹೇಳಿದಳು. ನಾನೇ ಕೂತು ಕೀಲು ಬದಲಿಸಿ ನೋಡಿದೆ. “ಸಾಲ ಎಷ್ಟು ಕೊಟ್ಟರೂ ಸಾಲದು.” ಇನ್ನೊಂದು, “ಸಾಲ ಕೇಳುವವರ ಸಾಲು ದೊಡ್ಡದು.” ಕೀಲು ಕೂಡಿತು, ತಿರುಗಿತು. ಆದರೆ ಮನಸ್ಸಿಗೆ ಬರಲಿಲ್ಲ. ಯಾಕೆ ಅಂದರೆ ಹಾಗೆ ಬರೆದ ಪಾಟಿಯ ಕೆಳಗೇ ಕೂತು ಅಪ್ಪ ಎಲ್ಲರಿಗೂ ಉದ್ರಿ ಕೊಡುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಅಂತೂ ಪುಸ್ತಕ ತುಂಬಿ ಹೋಗುತ್ತಿತ್ತು. ಪಾಟಿ ಓದಿ ಜನ ನಗುತ್ತಿದ್ದರು, ಆಮೇಲೆ ಉದ್ರಿ ಬರೆಸುತ್ತಿದ್ದರು. ‘ಸಾಲ’ ಅಂದಾಗ ಬ್ಯಾಂಕು ನೆನಪಾಗುತ್ತೆ. ‘ಉದ್ರಿ’ ಅಂದಾಗ ಅಪ್ಪ ಕಿವಿಗೆ ಸಿಕ್ಕಿಸಿಕೊಂಡ ಪೆನ್ಸಿಲ್ಲು ನೆನಪಾಗುತ್ತೆ. ಇದನ್ನು ಏನು ಮಾಡಲಿ?

ಬೆಟಗೇರಿ ಮಾಸ್ತರ:

ಇದನ್ನು ತಿದ್ದಬೇಡ ತಂಗೀ. ಹುಡುಗನಿಗೆ ‘ಉದ್ರಿ’ ಕೊಡು.

ನೀನು ಬ್ಯಾಡಗಿ ಜೋಕಿನಲ್ಲಿ ಮಾಡಿದ್ದ ತಪ್ಪು ಒಂದೇ. ಅರ್ಥವನ್ನು ಜೋಕು ಮುಗಿದ ಮೇಲೆ ಹೇಳಿದೆ. ನಗು ಬರುವುದು ಎರಡು ಅರ್ಥ ಒಂದೇ ಗಳಿಗೆಯಲ್ಲಿ ತಲೆಯಲ್ಲಿ ಡಿಕ್ಕಿ ಹೊಡೆದಾಗ. ಆ ಗಳಿಗೆ ದಾಟಿದ ಮೇಲೆ ಎಷ್ಟು ಬಿಡಿಸಿದರೂ ಪಾಠ ಆಗುತ್ತೆ ಅಷ್ಟೇ. ಅದಕ್ಕೆ ಪದವನ್ನು ಮುಂಚೆಯೇ ಬಿತ್ತಬೇಕು. ಬಿತ್ತುವಾಗ ಜೋಕಿನ ಸುದ್ದಿಯನ್ನೇ ಎತ್ತಬಾರದು.

ಒಂದು ದಿನ ಉದ್ರಿ ಪುಸ್ತಕ ತೋರಿಸು. ಇದರಲ್ಲಿ ಯಾರು ಯಾರು ಎಷ್ಟು ಉದ್ರಿ ತಗೊಂಡರು ಅಂತ ಅಜ್ಜ ಬರೆಯುತ್ತಿದ್ದರು ಅಂತ ಹೇಳು. ಹೆಸರು ಓದಿಸಬೇಡ, ಲೆಕ್ಕ ಓದಿಸು. ಅರ್ಧ ಕಿಲೋ ಬೆಲ್ಲ, ಒಂದು ಸಾಬೂನು. ಮರುದಿನ ಅಂಗಳ ಗುಡಿಸುವಾಗ “ನೋಡು, ಎಲೆ ಎಲ್ಲ ಉದ್ರಿ ಬಿದ್ದಾವ” ಅಂತ ಸಹಜವಾಗಿ ಅನ್ನು. ಎರಡು ಪದವೂ ಅವನದಾಗಲಿ. ಮೂರನೇ ದಿನ ಪಾಟಿಯ ಕಥೆ ಹೇಳು. ಬರೆದದ್ದನ್ನು ಓದಿ ಸುಮ್ಮನಾಗು.

ಬರೆದು ತೋರಿಸುವುದಾದರೆ ಎರಡು ಕಡೆಯೂ ‘ಉದ್ರಿ’ ಅಂತಲೇ ಬರೆ. ಎರಡನೆಯದನ್ನು ‘ಉದುರಿ’ ಅಂತ ತಿದ್ದಿ ಬರೆದರೆ ಕಣ್ಣಿಗೆ ಎರಡು ಬೇರೆ ಪದ ಕಾಣುತ್ತೆ, ಕಿವಿಯ ಆಟ ಹೋಗುತ್ತೆ.

ಶಿಗ್ಗಾವಿ ಕಾಕು:

ಮಾಸ್ತರ ಹೇಳಿದ್ದು ಓದಿ ನನಗೆ ನಮ್ಮ ಕಡೆ ಮದುವೆಯ ಒಡಪು ನೆನಪಾಯಿತು. ಹೊಸ ಮದುಮಗಳು ಗಂಡನ ಹೆಸರನ್ನು ಒಡಪಿನಲ್ಲಿ ಸೇರಿಸಿ ಹೇಳಬೇಕಲ್ಲ. ಓಣಿಯ ಹುಡುಗಿಯರೆಲ್ಲ ನನ್ನ ಹತ್ತಿರ ಕಟ್ಟಿಸಿಕೊಂಡು ಹೋಗುತ್ತಾರೆ. ಒಂದು ಹೇಳುತ್ತೇನೆ:

“ಮೆಣಸಿನಕಾಯಿ ಕೆಂಪ, ಮಲ್ಲಿಗಿ ಹೂವಿನ ಕಂಪ,
ಶಂಕ್ರಪ್ಪನವರ ಮನಿಗೆ ಬಂದು ಜೀವಕ್ಕ ತಂಪ.”

ಇದರಲ್ಲಿ ಹೆಸರು ಸಾಲಿನ ಮೊದಲಿಗೆ ಇದೆ. ಶಂಕ್ರಪ್ಪ ತೆಗೆದು ಈರಪ್ಪ ಹಾಕಿ, ಮಂಜುನಾಥ ಹಾಕಿ, ನಡೆಯುತ್ತೆ. ಇನ್ನೊಂದಿದೆ:

“ಹೊಲದ ತುಂಬ ಜ್ವಾಳದ ಕಾಳು,
ನನ್ನ ಪಾಲಿಗೆ ಬಾಳು ಅಂದರ ಬಾಳು.”

ಇದು ಬಾಳು ಅನ್ನುವ ಹುಡುಗನನ್ನು ಮದುವೆಯಾದವಳಿಗೆ ಮಾತ್ರ. ಬದುಕೂ ಬಾಳು, ಗಂಡನೂ ಬಾಳು. ಬೇರೆ ಹೆಸರು ಹಾಕಿದರೆ ಏನೂ ಉಳಿಯಲ್ಲ. ಮೊದಲನೆಯದನ್ನು ಇಪ್ಪತ್ತು ಮದುವೆಯಲ್ಲಿ ಹೇಳಿಸಿದ್ದೇನೆ. ಎರಡನೆಯದನ್ನು ಒಂದೇ ಮದುವೆಯಲ್ಲಿ. ಆ ಒಂದು ಮದುವೆಯಲ್ಲಿ ಆದ ಗದ್ದಲ ಇಪ್ಪತ್ತರಲ್ಲೂ ಆಗಲಿಲ್ಲ. ನಿಮ್ಮ ಅಪ್ಪನ ‘ಉದ್ರಿ’ ಈ ಎರಡನೇ ಜಾತಿಯದ್ದು. ಹಾಗೇ ಇಡಿರಿ.

ಮೆಣಸಿನಕಾಯಿ ಓಣಿ:

ದಸರಾ ರಜೆಗೆ ಅವರು ಬಂದು ಹೋದರು. ಏನಾಯಿತು ಅಂತ ನಿಮಗೆಲ್ಲ ಹೇಳಲೇಬೇಕು.

ಮೊದಲ ದಿನ ಊಟಕ್ಕೆ ಕೂತಾಗ ನಾನು ಜುಣಕ ಬಡಿಸುತ್ತಿದ್ದೆ. ಹುಡುಗ “ಸಾಕು ದೊಡ್ಡಮ್ಮ” ಅಂದ. ಇದೇ ಸಮಯ ಅಂತ “ಸಾಕು ಅಂತೀಯ, ಸಾಕಬೇಕಂದ್ರ ಹೊಟ್ಟಿ ತುಂಬ ಹಾಕಬೇಕಲ್ಲೋ?” ಅಂತ ಇನ್ನೊಂದು ಸೌಟು ಹಾಕಿದೆ. ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಬಾಯಲ್ಲಿದ್ದ ರೊಟ್ಟಿ ಹೊರಗೆ ಬರುವ ಹಾಗೆ ನಕ್ಕ. “ಇದು ಅಜ್ಜನ ಮಾತು” ಅಂದೆ. ನೋಟ್‌ಬುಕ್‌ನಲ್ಲಿ ಇಲ್ಲದ ಮಾತು ಅದು, 44ನೆಯದು. ಅಜ್ಜನದೇ ಅಂತ ಹೇಳಿದ್ದು ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಮೈಕ್ ಅಣ್ಣ ಬೇಜಾರು ಮಾಡಿಕೊಳ್ಳಬಾರದು.

ಬ್ಯಾಡಗಿಯನ್ನು ಸೊಸೆಯವರು ಹೇಳಿದ ಹಾಗೆ ಮೈಸೂರಿನ ಹುಡುಗನನ್ನು ಒಳಗೆ ತಂದು ಹೇಳಿದೆ. ಅದಕ್ಕೂ ನಕ್ಕ. ಆಮೇಲೆ ಮನೆಯಲ್ಲಿ ಯಾರು ‘ಬ್ಯಾಡ’ ಅಂದರೂ “ಗಿ!” ಅಂತ ಕೂಗುವುದೇ ಕೆಲಸ. ಗದಗದ ಒಗಟು ಅರ್ಧ ನಿಮಿಷದಲ್ಲಿ ಬಿಡಿಸಿದ. ಕಿಟಕಿಗೆ ಮಾತ್ರ ಒಂದು ಗಂಟೆ ಹಾಳೆಯ ಮೇಲೆ ಬರೆದು ಬರೆದು ನೋಡಿದ. ಮಾಸ್ತರ, “ಕನ್ನಡದಲ್ಲಿ ಅಕ್ಷರ ಅಂಟಿಕೊಂಡು ಇರುತ್ತೆ, ಇಂಗ್ಲಿಷ್‌ನಲ್ಲಿ ಬಿಡಿಬಿಡಿ” ಅಂತ ಹೇಳಿದ್ದಾನೆ. ಅವನಿಗೆ ಎಷ್ಟು ಮಾರ್ಕ್ಸ್ ಕೊಡುತ್ತೀರಿ ಹೇಳಿ.

ಉದ್ರಿಯನ್ನು ನೀವು ಹೇಳಿದ ಹಾಗೆ ಬಿತ್ತಿದೆ. ಮೊದಲ ದಿನ ಪುಸ್ತಕ ತೋರಿಸಿದೆ. ಬೆಲ್ಲ, ಸಾಬೂನು, ಬೆಂಕಿಪೊಟ್ಟಣ ಅಂತ ಓದಿದ. ಹಳೆಯ ರೊಕ್ಕದ ಲೆಕ್ಕ ನೋಡಿ ಬೆರಗಾದ. ಮರುದಿನ ಬೇವಿನ ಎಲೆ ಗುಡಿಸುವಾಗ ‘ಉದ್ರಿ ಬಿದ್ದಾವ’ ಅಂದೆ. ಮೂರನೇ ದಿನಕ್ಕೆ ಪಾಟಿಯ ಕಥೆ ಅಂತ ಇಟ್ಟುಕೊಂಡಿದ್ದೆ.

ಅಷ್ಟರವರೆಗೆ ಕಾಯಲಿಲ್ಲ ಅವನು. ಎರಡನೇ ದಿನ ಸಂಜೆಯೇ ಕಪಾಟಿನಿಂದ ಪುಸ್ತಕ ತೆಗೆದಿದ್ದಾನೆ. ಹಳೆಯ ಪುಸ್ತಕ, ದಾರ ಸಡಿಲಾಗಿತ್ತು. ಎತ್ತಿದ ಕೂಡಲೇ ಮಧ್ಯದ ಹಾಳೆಗಳು ಜಾರಿ ನೆಲದ ತುಂಬ ಹರಡಿದವು. ನಾನು ಅಡುಗೆಮನೆಯಲ್ಲಿದ್ದೆ. ಅಲ್ಲಿಂದಲೇ ಕೂಗಿದ:

“ದೊಡ್ಡಮ್ಮಾ! ಅಜ್ಜನ ಉದ್ರಿ ಎಲ್ಲಾ ಉದ್ರಿ ಹೋಯ್ತು!”

ನಾನು ಓಡಿ ಬಂದೆ. ತಂಗಿಯೂ ಬಂದಳು. ಪಾಟಿಯ ಮಾತು ಅವನಿಗೆ ನಾವಿಬ್ಬರೂ ಹೇಳಿರಲಿಲ್ಲ. ನಾವು ಬಾಗಿಲಲ್ಲೇ ನಿಂತುಬಿಟ್ಟೆವು, ಅವನು ಹಾಳೆಗಳ ನಡುವೆ ಕೂತು ತನ್ನ ಮಾತಿಗೆ ತಾನೇ ನಗುತ್ತಿದ್ದ. ನಗುವಾಗ ಥೇಟ್ ಅಪ್ಪನ ಹಾಗೆ ಒಂದು ಕಣ್ಣು ಸಣ್ಣ ಮಾಡುತ್ತಾನೆ. ಇಷ್ಟು ದಿನ ನಾನು ಅದನ್ನು ಗಮನಿಸಿರಲಿಲ್ಲ.

ಹಾಳೆಗಳನ್ನು ತಾರೀಖಿನ ಪ್ರಕಾರ ಮೂವರೂ ಕೂತು ಜೋಡಿಸಿದ್ದೇವೆ. ಇನ್ನು ಹೊಲಿಸಬೇಕು. ಹಳೆಯ ಪುಸ್ತಕಕ್ಕೆ ಕೈಯಿಂದ ದಾರ ಹಾಕಿ ಬೈಂಡಿಂಗ್ ಮಾಡುವವರು ಧಾರವಾಡ ಅಥವಾ ಹುಬ್ಬಳ್ಳಿಯಲ್ಲಿ ಇದ್ದರೆ ಯಾರಾದರೂ ತಿಳಿಸಿ.